ಶುಂಠಕ್ಕನ ಅಂಗಡಿ, ಶುಂಠಕ್ಕನ ಸೊಸೆ

ನಮ್ಮ ಬೀದಿಯಲ್ಲಿ ಅವಳನ್ನು ಮೊದಮೊದಲು ಶುಂಠಿ ಅಕ್ಕ ಎನ್ನುತ್ತಿದ್ದರು. ಬಾಯಿಂದ ಬಾಯಿಗೆ ಹೋಗುವ ಅವಸರದಲ್ಲಿ ಇಕಾರ ಎಲ್ಲೋ ಉದುರಿಹೋಗಿ ಶುಂಠಕ್ಕ ಉಳಿಯಿತು. ಶುಂಠ ಎಂದರೆ ದಡ್ಡ ಎಂದು ಗೊತ್ತಿದ್ದವರು ಕರೆಯುವಾಗ ತುಟಿ ಕಚ್ಚಿಕೊಳ್ಳುತ್ತಿದ್ದರು. ಅವಳಿಗೂ ಗೊತ್ತಿತ್ತು. "ಕರೀಲಿ ಬಿಡಿ, ಇಲ್ಲಿ ಶುಂಠಿ ತಗೊಳ್ಳೋಕೆ ಬರೋರು ಯಾರು, ಶುಂಠರು ಯಾರು ಅಂತ ನನಗೆ ಲೆಕ್ಕ ಸಿಕ್ಕಿದೆ" ಎನ್ನುತ್ತಿದ್ದಳು.

ನನ್ನದು ಪಕ್ಕದ ಜೆರಾಕ್ಸ್ ಅಂಗಡಿ, ಜೊತೆಗೆ ಕಾಗದ ತರಲು ಒಂದು ಹಳೆಯ ವ್ಯಾನು. ಎರಡೂ ಅಂಗಡಿಗಳ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಅದನ್ನು ಗೋಡೆ ಎಂದು ಕರೆದದ್ದು ಬಾಡಿಗೆ ಕೇಳಲು ಬರುತ್ತಿದ್ದ ಮಾಲೀಕ ಒಬ್ಬನೇ. ಆ ಕಡೆ ಯಾರಾದರೂ ಸೀನಿದರೆ ಈ ಕಡೆ ನನ್ನ ಕಾಗದ ಅಲ್ಲಾಡುತ್ತಿತ್ತು. ಹಾಗಾಗಿ ಈ ಕಥೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಕಿವಿಯಾರೆ ಕೇಳಿದ್ದು. ಕದ್ದು ಕೇಳುವ ಕಷ್ಟವನ್ನು ಶುಂಠಕ್ಕನ ಗಂಟಲು ಯಾರಿಗೂ ಕೊಡುತ್ತಿರಲಿಲ್ಲ.

ಎಂಟಡಿ ಅಗಲದ ಆ ಅಂಗಡಿಯ ಬಲಭಾಗದಲ್ಲಿ ಅವಳ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ. ಎಡಭಾಗ ಇವಳದು. ಒಂದು ಕಾಲದಲ್ಲಿ ಗಡಿಯಾರದ ಪಟ್ಟಿ, ಗಾಜು, ಮುಳ್ಳುಗಳನ್ನು ಇಡುತ್ತಿದ್ದ ಪುಟ್ಟ ಪುಟ್ಟ ಡ್ರಾಯರುಗಳಲ್ಲಿ ಈಗ ಒಣಶುಂಠಿ, ಸೋಂಪು, ಏಲಕ್ಕಿ, ಒಣಗಿಸಿದ ಪುದೀನ, ಜೀರಿಗೆ. ಯಾವುದೋ ಗಡಿಯಾರದ ಸ್ಪ್ರಿಂಗು ಯಾರದೋ ಕಷಾಯದಲ್ಲಿ ಸಿಕ್ಕಿತ್ತು ಎಂಬ ಪುಕಾರು ಬಹಳ ವರ್ಷ ಓಡಾಡಿತು. ನಿಜ ಹೇಳಬೇಕೆಂದರೆ ಸಿಕ್ಕಿದ್ದು ಸ್ಪ್ರಿಂಗಲ್ಲ, ಸ್ಕ್ರೂ.

ಬೇರು ಬೀಜ ಮಾರುವವರು ಊರಲ್ಲಿ ಇನ್ನೂ ನಾಲ್ಕು ಜನ ಇದ್ದರು. ಆದರೆ ಬಸುರಿಯರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಇವಳನ್ನು. ಉಳಿದ ನಾಲ್ವರಿಗೂ ತಮ್ಮ ಔಷಧಿ ಒಳಗೆ ಹೋಗುವಾಗ ಹೇಗಿರುತ್ತದೆ ಎನ್ನುವುದು ಗೊತ್ತಿತ್ತು. ಹೊರಗೆ ಬರುವಾಗ ಹೇಗಿರುತ್ತದೆ ಎಂದು ಬಲ್ಲವಳು ಶುಂಠಕ್ಕ ಒಬ್ಬಳೇ.

"ಅಕ್ಕ, ಮೆಂತ್ಯ ಕೊಡಿ. ವಾಕರಿಕೆಗೆ ಒಳ್ಳೇದಂತೆ, ನಮ್ಮ ಚಿಕ್ಕಮ್ಮ ಹೇಳಿದ್ರು."

"ಚಿಕ್ಕಮ್ಮ ಅದನ್ನ ವಾಂತಿ ಮಾಡಿ ನೋಡಿದ್ದಾರಾ?"

"ಇಲ್ಲ, ಅವರಿಗೆ..."

"ನಾನು ನೋಡಿದ್ದೀನಿ. ಬೇಡ. ವಾಪಸ್ ಬರುವಾಗ ಅದು ಮೂಗಿನ ದಾರಿ ಹಿಡಿಯುತ್ತೆ. ಆಮೇಲೆ ಎರಡು ದಿನ ಗಂಡ ಹತ್ತಿರ ಬಂದ್ರೂ ಮೆಂತ್ಯಾನೇ, ದೂರ ಹೋದ್ರೂ ಮೆಂತ್ಯಾನೇ. ಪುದೀನ ತಗೊಳ್ಳಿ. ಬರೋದೇ ಆದ್ರೂ ಮರ್ಯಾದಸ್ಥರ ಹಾಗೆ ಬರುತ್ತೆ."

ಹೀಗೆ ಒಂದೊಂದಕ್ಕೂ ಅವಳ ಹತ್ತಿರ ಎರಡೆರಡು ರುಚಿಯ ವರದಿ ಇತ್ತು. ಜೀರಿಗೆ ಪರವಾಗಿಲ್ಲ. ಕೊತ್ತಂಬರಿ ಬೀಜ ಮರಳು ಮರಳಾಗಿ ಬಂದು ಹಲ್ಲಿಗೆ ಅಂಟುತ್ತದೆ. ನಿಂಬೆಹಣ್ಣನ್ನು ಮೂಸಬೇಕೇ ಹೊರತು ಕುಡಿಯಬಾರದು, ಬರುವಾಗ ಗಂಟಲನ್ನೇ ಸುಲಿದುಕೊಂಡು ಬರುತ್ತದೆ. ಇಷ್ಟೆಲ್ಲ ಹೇಳಿ, ಪೊಟ್ಟಣ ಕಟ್ಟುವ ಮೊದಲು, ಎಲ್ಲರ ಎದುರಿಗೇ ಒಂದು ಪ್ರಶ್ನೆ ಕೇಳುತ್ತಿದ್ದಳು: "ಕೊನೇ ಸಲ ಉಚ್ಚೆಗೆ ಹೋಗಿದ್ದು ಯಾವಾಗ? ಬಣ್ಣ ಏನಿತ್ತು?"

ಹೆಂಗಸರು ನೆಲ ನೋಡಿಕೊಂಡು ಉತ್ತರ ಹೇಳುತ್ತಿದ್ದರು. ಹೆಂಡತಿಯ ಪರವಾಗಿ ಬಂದ ಗಂಡಸರು ತಮ್ಮನ್ನೇ ಕೇಳಿದ್ದೆಂದು ತಿಳಿದು, "ಈಗ ತಾನೇ ಹೋಗಿ ಬಂದೆ" ಅನ್ನುತ್ತಿದ್ದರು. ಬೆಳಗಿನಿಂದ ಹೋಗಿಲ್ಲ, ಕುಡಿದ ನೀರೂ ನಿಲ್ಲುತ್ತಿಲ್ಲ ಎಂದರೆ ಮುಗಿಯಿತು. ಪೊಟ್ಟಣ ವಾಪಸ್ ಡ್ರಾಯರಿಗೆ. "ಆಸ್ಪತ್ರೆಗೆ ಹೋಗಿ. ಇವತ್ತೇ. ನನ್ನ ಶುಂಠಿ ಎಲ್ಲಿಗೂ ಓಡಿಹೋಗಲ್ಲ."

ಈ ಪ್ರಶ್ನೆ ಅವಳಿಗೆ ಸಿಕ್ಕಿದ್ದು ಇಪ್ಪತ್ತೆಂಟು ವರ್ಷಗಳ ಹಿಂದೆ, ಅವಳೇ ಬಸುರಿಯಾಗಿದ್ದಾಗ.

ಆಗ ಅವಳು ಸೋಪಿನ ಕಾರ್ಖಾನೆಯಲ್ಲಿ ಕಾಗದ ಸುತ್ತುವ ವಿಭಾಗದಲ್ಲಿದ್ದಳು. ಬೆಳಿಗ್ಗೆ ಗುಲಾಬಿ ಸೋಪು, ಮಧ್ಯಾಹ್ನ ನಿಂಬೆ ಸೋಪು. ಮದುವೆಯಾದ ಹೊಸತರಲ್ಲಿ, ಮೈಯೆಲ್ಲ ಘಮಘಮ ಅನ್ನುವ ಹೆಂಡತಿ ಸಿಕ್ಕಳೆಂದು ಗಡಿಯಾರದವನು ಖುಷಿಪಟ್ಟಿದ್ದನಂತೆ. ಎರಡನೇ ತಿಂಗಳು ಹಿಡಿಯುತ್ತಿದ್ದಂತೆ ಅದೇ ಘಮ ಅವಳ ಹೊಟ್ಟೆಯೊಳಗೆ ಕೈ ಹಾಕಿ ಕಲಕತೊಡಗಿತು. ಗುಲಾಬಿಗೆ ಮೂರು ಸಲ, ನಿಂಬೆಗೆ ನಾಲ್ಕು ಸಲ. ನಡುವೆ ಊಟದ ಬಿಡುವಿನಲ್ಲಿ ಊಟದ ಹೆಸರಿಗೆ ಎರಡು ಸಲ.

ಮೇಲ್ವಿಚಾರಕನಿಗೆ ಇದು ನಾಟಕ ಅನ್ನಿಸಿತು. "ನಮ್ಮಮ್ಮ ಏಳು ಹೆತ್ತಳು. ಒಂದ್ಸಲಾನೂ ವಾಂತಿ ಮಾಡ್ಲಿಲ್ಲ" ಎಂದ.

"ನೀವು ಹುಟ್ಟಿ, ಮುಖ ನೋಡಿದ ಮೇಲೆ ಮಾಡಿರಬೇಕು. ಕೇಳಿ ನೋಡಿ" ಎಂದಳು ಇವಳು. ಅವತ್ತೇ ಅವಳನ್ನು ಗುಲಾಬಿಯಿಂದ ಫಿನಾಯಿಲ್ ವಿಭಾಗಕ್ಕೆ ಹಾಕಿದರು.

ಮನೆಯಲ್ಲಿ ಅತ್ತೆ ಇದ್ದಳು. ಕೆಟ್ಟವಳಲ್ಲ, ಆದರೆ ಉತ್ಸಾಹ ವಿಪರೀತ. ಬೆಳಿಗ್ಗೆ ಹಸಿಶುಂಠಿ ರಸ, ಹತ್ತು ಗಂಟೆಗೆ ಮೆಂತ್ಯದ ನೀರು, ಮಧ್ಯಾಹ್ನ ಏಲಕ್ಕಿ, ಸಂಜೆ ನೆಲ್ಲಿಕಾಯಿ. ಬೀದಿಯಲ್ಲಿ ಯಾರು ಏನು ಹೇಳಿದರೂ ಅದು ಸಂಜೆಯೊಳಗೆ ಲೋಟದಲ್ಲಿ ಬಂದು ನಿಲ್ಲುತ್ತಿತ್ತು. ಇವಳು ಕುಡಿಯುವುದು, ಕಕ್ಕುವುದು. ಅತ್ತೆ ಬೋಗುಣಿಯೊಳಗೆ ಇಣುಕಿ ನೋಡಿ, "ಸ್ವಲ್ಪ ಒಳಗೆ ನಿಂತಿದೆ ಅನ್ಸುತ್ತೆ" ಎನ್ನುವುದು. "ವಾಂತಿ ಜಾಸ್ತಿ ಆದಷ್ಟೂ ಮಗುಗೆ ಕೂದಲು ಜಾಸ್ತಿ, ಸಮಾಧಾನ ಮಾಡ್ಕೊ" ಎಂಬ ಭರವಸೆ ಬೇರೆ.

ಗಂಡ ಮಾತು ಕಡಿಮೆ. ದಿನವಿಡೀ ಗಡಿಯಾರಗಳ ಟಿಕ್ ಟಿಕ್ ಕೇಳಿದವನಿಗೆ ಮನುಷ್ಯರ ಗದ್ದಲದಲ್ಲೂ ಎಣಿಸುವ ಚಾಳಿ. ಮೂರನೇ ವಾರ ಒಂದು ಬೆಳಿಗ್ಗೆ, ಬೋಗುಣಿ ತೊಳೆದು ತಂದವನು ಹೇಳಿದ: "ಹೋದ ವಾರ ಗಂಟೆಗೊಂದಿತ್ತು. ಮೊನ್ನೆ ನಲವತ್ತು ನಿಮಿಷಕ್ಕೊಂದು. ಇವತ್ತು ಇಪ್ಪತ್ತೈದು. ಇದು ಮುಂದೆ ಓಡ್ತಿದೆ ಅಮ್ಮ. ಮುಂದೆ ಓಡೋ ಗಡಿಯಾರಕ್ಕೆ ಎಣ್ಣೆ ಬಿಟ್ಟು ಪ್ರಯೋಜನ ಇಲ್ಲ. ಬಿಚ್ಚಲೇಬೇಕು."

"ಏನೋ ಬಿಚ್ಚೋದು, ನನ್ನ ಸೊಸೇನಾ?" ಎಂದು ಅತ್ತೆ ಗಾಬರಿಯಾದಳು.

ಬಿಚ್ಚಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ದಪ್ಪ ಕನ್ನಡಕದ ಒಬ್ಬ ನರ್ಸಮ್ಮ ಅವಳ ಕೈ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಅದು ಎತ್ತಿದಲ್ಲೇ ನಿಂತಿತು. ಆಮೇಲೆ ಕೇಳಿದರು, ಕೊನೇ ಸಲ ಉಚ್ಚೆಗೆ ಹೋಗಿದ್ದು ಯಾವಾಗ ಎಂದು. ಮೂರು ವಾರದಲ್ಲಿ ಬೀದಿಯ ಅಷ್ಟೂ ಜನ ಅವಳಿಗೆ ಏನು ಕುಡಿಯಬೇಕು ಎಂದು ಹೇಳಿದ್ದರು. ಕುಡಿದದ್ದು ಕೆಳಗೆ ಇಳಿಯಿತೇ ಎಂದು ಕೇಳಿದವರಲ್ಲಿ ಈ ನರ್ಸಮ್ಮನೇ ಮೊದಲು. ಶುಂಠಕ್ಕ ಯೋಚಿಸಿದಳು. ನೆನಪಾಗಲಿಲ್ಲ. ಹಿಂದಿನ ದಿನವೋ, ಅದರ ಹಿಂದಿನ ದಿನವೋ.

"ತಿನ್ನೋಕೆ ಏನೂ ಸಿಗದೆ ನಿನ್ನ ಮೈ ನಿನ್ನನ್ನೇ ತಿಂತಿದೆ" ಎಂದರು ನರ್ಸಮ್ಮ, ಸೂಜಿಗೆ ನರ ಹುಡುಕುತ್ತ.

ಅತ್ತೆ ಬಿಡಲಿಲ್ಲ. "ಶುಂಠಿ ಕೊಟ್ಟಿದ್ದೀವಲ್ಲ ಸಿಸ್ಟರ್, ಶುಂಠಿ ಒಳ್ಳೇದಲ್ವಾ?"

"ಒಳ್ಳೇದೇ. ಸಣ್ಣಪುಟ್ಟ ವಾಕರಿಕೆಗೆ ನಾನೂ ಹೇಳ್ತೀನಿ. ಆದ್ರೆ ನೀರೇ ನಿಲ್ಲದ ಹೊಟ್ಟೇಲಿ ಶುಂಠಿ ಎಲ್ಲಿ ನಿಲ್ಲುತ್ತೆ ಅಜ್ಜಿ?"

ಎರಡನೇ ಬಾಟಲಿ ಇಳಿಯುವ ಹೊತ್ತಿಗೆ ಅವಳಿಗೆ ಪಕ್ಕದ ಹಾಸಿಗೆಯವಳ ಬ್ರೆಡ್ಡಿನ ಮೇಲೆ ಕಣ್ಣು ಬಿತ್ತು. ಕೇಳಿ ತಿಂದಳು. ಅದು ಒಳಗೇ ಉಳಿಯಿತು. ಆ ಬ್ರೆಡ್ಡಿನ ತುಂಡಿನ ಬಗ್ಗೆ ಅವಳು ಇವತ್ತಿಗೂ ಹೇಳುವಾಗ, ಬೇರೆಯವರು ತಮ್ಮ ಮದುವೆಯ ಬಗ್ಗೆ ಹೇಳುವ ಹಾಗೆ ಹೇಳುತ್ತಾಳೆ.

ಐದನೇ ತಿಂಗಳವರೆಗೂ ಬಿಟ್ಟು ಬಿಟ್ಟು ವಾಂತಿ ನಡೆದೇ ಇತ್ತು. ಮಗ ಹುಟ್ಟಿದ. ಅವನ ತಲೆ ತೊಳೆದಿಟ್ಟ ಬಟ್ಟಲಿನ ಹಾಗಿತ್ತು, ಔಷಧಿಗೆ ಬೇಕೆಂದರೂ ಒಂದು ಕೂದಲಿರಲಿಲ್ಲ. ಕಾರ್ಖಾನೆಯಲ್ಲಿ ಅವಳ ಜಾಗಕ್ಕೆ ಕಾಗದ ಸುತ್ತುವ ಯಂತ್ರ ಬಂದಿತ್ತು. "ಅದು ವಾಂತಿ ಮಾಡಲ್ಲ" ಎಂದು ಮೇಲ್ವಿಚಾರಕ ವಿವರಿಸಿದನಂತೆ. ಆದರೆ ಅಲ್ಲಿನ ಹಳೆಯ ಗೆಳತಿಯರು ಒಬ್ಬೊಬ್ಬರೇ ಬಸುರಿಯಾದಾಗ ಇವಳನ್ನು ಕೇಳಲು ಬರತೊಡಗಿದರು: ನೀನು ಎಲ್ಲಾ ಕುಡಿದು ನೋಡಿದವಳಲ್ಲ, ಯಾವುದು ವಾಸಿ? ಉತ್ತರ ಹೇಳಿ ಹೇಳಿ ಸಾಕಾಗಿ, ಹೇಳಿದ್ದನ್ನೇ ಮಾರುವುದು ಮೇಲೆಂದು ಗಂಡನ ಎರಡು ಡ್ರಾಯರು ಖಾಲಿ ಮಾಡಿಸಿಕೊಂಡಳು. ವರ್ಷಕ್ಕೆರಡು ಡ್ರಾಯರಿನಂತೆ ಅವಳು ಮುಂದೆ ಬಂದಳು, ಅವನು ಹಿಂದೆ ಸರಿದ. ಗಡಿಯಾರ ಕಟ್ಟುವವರು ಹೇಗೂ ಕಡಿಮೆಯಾಗುತ್ತಿದ್ದರು.

ಅವಳಿಗೆ ಎದುರಾಳಿ ಎಂದು ಇದ್ದವನು ನಮ್ಮ ಬೀದಿಯ ತುದಿಯಲ್ಲಿದ್ದ ನಾಟಿ ಔಷಧಿಯ ಪಂಡಿತ. ಅವನ ಬಳಿ ಬೂದುಬಣ್ಣದ ಒಂದು ಪುಡಿ ಇತ್ತು. ಯಾವ ವಾಂತಿಯಾದರೂ ಒಂದೇ ಚಿಟಿಕೆಗೆ ನಿಲ್ಲುತ್ತದೆ ಎಂದು ಹೇಳುತ್ತಿದ್ದ. ಒಮ್ಮೆ ಶುಂಠಕ್ಕ ನೇರ ಅವನ ಅಂಗಡಿಗೇ ಹೋಗಿ, ಅದರಲ್ಲಿ ಏನಿದೆ ಎಂದು ಕೇಳಿದಳು.

"ವಂಶದ ಗುಟ್ಟು ತಾಯಿ. ಹೇಳೋ ಹಾಗಿಲ್ಲ."

"ನನಗೆ ಹೇಳ್ಬೇಡಿ. ಹೊಟ್ಟೇಲಿರೋ ಮಗುಗಾದ್ರೂ ಹೇಳಿ, ಅದೇ ತಾನೇ ತಿನ್ನೋದು" ಎಂದು ವಾಪಸ್ ಬಂದಳು. ಏನೆಂದು ಗೊತ್ತಿಲ್ಲದ ಬೇರು, ಗೊತ್ತಿಲ್ಲದ ಪುಡಿ ಬಸುರಿಯ ಬಾಯಿಗೆ ಬೇಡ ಎನ್ನುವುದು ಅವಳ ಕಟ್ಟಳೆ. ಅದಕ್ಕಾಗಿ ಅವಳು ನಾಲ್ಕು ಜನರ ಜೊತೆ ಮಾತು ಬಿಟ್ಟಿದ್ದಳು.

ಇಂಥವಳ ಮನೆಗೆ ಸೊಸೆ ಬಂದಳು.

ಸೊಸೆ ನೀರಿನ ಇಲಾಖೆಯಲ್ಲಿ ಮೀಟರ್ ಓದುವವಳು. ದಿನಕ್ಕೆ ನೂರೈವತ್ತು ಮನೆ. ಊರಿನ ನಾಯಿಗಳಿಗೆಲ್ಲ ಅವಳ ಚಪ್ಪಲಿಯ ಸದ್ದು ಗೊತ್ತು. ಎಲ್ಲರ ಮನೆಯ ಒಳಗುಟ್ಟು ಗೊತ್ತಿದ್ದೂ ಬಾಯಿ ಬಿಡದ ಹೆಣ್ಣು. ಯಾರ ಮನೆಯಲ್ಲಿ ಎಷ್ಟು ನೀರು ಹರಿಯುತ್ತದೆ ಎಂದು ಕಿರುಬೆರಳುದ್ದದ ಪೆನ್ಸಿಲಿನಲ್ಲಿ ಬರೆದುಕೊಂಡು ಹೋಗುವಳು. ಅತ್ತೆಯ ಮಾತಿನ ಹೊಳೆಗೆ ಅವಳು ದಿನಕ್ಕೆ ಎರಡೋ ಮೂರೋ ಮಾತು ಸೇರಿಸುತ್ತಿದ್ದಳು. ಅದರಲ್ಲೊಂದು ಸಾಮಾನ್ಯವಾಗಿ "ಹೌದಾ?" ಆಗಿರುತ್ತಿತ್ತು. ಶುಂಠಕ್ಕನಿಗೆ ಅವಳೆಂದರೆ ಇಷ್ಟ. "ಇವಳ ಹತ್ರ ಜಗಳಾಡೋಕೆ ಆಗಲ್ಲ, ಅದೊಂದೇ ಬೇಜಾರು" ಎಂದು ಹಲಗೆಯ ಆಚೆಯಿಂದ ನನಗೆ ಹೇಳುತ್ತಿದ್ದಳು.

ಮದುವೆಯಾದ ಎರಡನೇ ವರ್ಷ ಸೊಸೆ ಬಸುರಿಯಾದಳು. ಹದಿನೈದು ದಿನಕ್ಕೆ ವಾಂತಿ ಶುರುವಾಯಿತು. ಬೀದಿಗೆ ಇದು ಕ್ರಿಕೆಟ್ ಪಂದ್ಯಕ್ಕಿಂತ ದೊಡ್ಡ ಸಂಗತಿ. "ಶುಂಠಕ್ಕನ ಸೊಸೆಗೆ ವಾಂತಿಯಂತೆ" ಎಂದು ಒಬ್ಬ ಹೇಳಿದರೆ, "ಅವರಿಗೇನು, ಮನೇದೇ ಅಂಗಡಿ, ನಾಳೆ ನಿಲ್ಲುತ್ತೆ ನೋಡು" ಎಂದು ಇನ್ನೊಬ್ಬ. ಶುಂಠಕ್ಕ ಕೂಡ ಹಾಗೇ ಅಂದುಕೊಂಡಳು. ತೆಳ್ಳಗೆ ಹೆಚ್ಚಿದ ಶುಂಠಿ, ಪುದೀನದ ಬಿಸಿನೀರು, ಮೂಸಲು ನಿಂಬೆಹಣ್ಣು, ಹಾಸಿಗೆಯಿಂದ ಏಳುವ ಮೊದಲು ಒಣ ಬಿಸ್ಕತ್ತು. ಎಲ್ಲವೂ ಕ್ರಮಪ್ರಕಾರ.

ನಾಳೆ ನಿಲ್ಲಲಿಲ್ಲ. ನಾಡಿದ್ದೂ ನಿಲ್ಲಲಿಲ್ಲ.

ನಾಲ್ಕನೇ ದಿನದಿಂದ ಗಿರಾಕಿಗಳು ಪೊಟ್ಟಣ ತೆಗೆದುಕೊಳ್ಳುವಾಗ, "ಸೊಸೆ ಹೇಗಿದ್ದಾಳೆ?" ಎಂದು ಕೇಳತೊಡಗಿದರು. ಕೇಳಿ, ಕೈಯಲ್ಲಿದ್ದ ಪೊಟ್ಟಣವನ್ನೊಮ್ಮೆ ನೋಡುತ್ತಿದ್ದರು. ಅವಳು, "ಚೆನ್ನಾಗಿದ್ದಾಳೆ, ಮೊದಲಿಗಿಂತ ವಾಸಿ" ಎನ್ನುತ್ತಿದ್ದಳು. ಹಲಗೆಯ ಈಚೆ ಕೂತ ನನಗೆ ಅದು ಸುಳ್ಳೆಂದು ಗೊತ್ತಾಗುತ್ತಿತ್ತು. ಯಾಕೆಂದರೆ ಆ ಮಾತನ್ನು ಅವಳು ಮೆಲ್ಲಗೆ ಹೇಳುತ್ತಿದ್ದಳು. ಮನೆಯಲ್ಲಿ ಪುದೀನ ಹೋಗಿ ಸೋಂಪು ಬಂತು, ಸೋಂಪು ಹೋಗಿ ದಾಳಿಂಬೆ ಬಂತು. ದಿನಕ್ಕೆ ಆರು ಲೋಟ, ಎಂಟು ಲೋಟ. ಒಂದು ಕಾಲದಲ್ಲಿ ತನ್ನ ಅತ್ತೆ ಮಾಡಿದ್ದನ್ನೇ ಮಾಡುತ್ತಿದ್ದೇನೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಇವಳ ಲೋಟಗಳು ಹೆಚ್ಚು ಶುಭ್ರವಾಗಿದ್ದವು, ಅಷ್ಟೇ.

ಮಗ ಲಿಫ್ಟ್ ಮೆಕ್ಯಾನಿಕ್. ಬೇರೆ ಊರಿನ ಕೆಲಸದ ಮೇಲೆ ಹದಿನೈದು ದಿನ ಹೋಗಿದ್ದ. ಫೋನ್ ಮಾಡಿ, "ಆಸ್ಪತ್ರೆಗೆ ತೋರ್ಸಿದ್ರಾ ಅಮ್ಮ?" ಎಂದರೆ, "ನಾನಿದ್ದೀನಲ್ಲ" ಎಂಬ ಉತ್ತರ. ಗಂಡ ಒಂದು ದಿನ ಭೂತಗನ್ನಡಿ ತೆಗೆದು, "ಇವತ್ತು ಹದಿನಾರು ಸಲ" ಎಂದ. "ನಿಮ್ಮ ಗಡಿಯಾರ ನೋಡ್ಕೊಳ್ಳಿ" ಎಂದಳು.

ಎಂಟನೇ ದಿನ ಪಂಡಿತನೇ ಬಂದ. ಅಂಗಡಿಯ ಮುಂದೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಹೆಣ್ಣುಮಗು ಕಷ್ಟಪಡ್ತಿದೆ ಅಂತ ಕೇಳ್ದೆ. ವೃತ್ತಿ ಬೇರೆ, ಮನುಷ್ಯತ್ವ ಬೇರೆ" ಎಂದು ಹೇಳಿ, ಬೂದುಬಣ್ಣದ ಪುಡಿಯ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು ಹೋದ. ಅವಳು ಅದನ್ನು ಎಸೆಯುತ್ತಾಳೆಂದು ನಾನು ಕಾದೆ. ಅವಳು ಎಸೆಯಲಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ಆ ಡಬ್ಬಿ ಅಲ್ಲಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಡೆದದ್ದನ್ನು ಅವಳೇ ನನಗೆ ಹೇಳಿದ್ದಾಳೆ. ಒಂದಕ್ಷರ ಮುಚ್ಚಿಟ್ಟಿಲ್ಲ, ಹಾಗಾಗಿ ನಾನೂ ಮುಚ್ಚಿಡುವುದಿಲ್ಲ. ಅವಳು ಬಿಸಿನೀರಿಗೆ ಆ ಪುಡಿ ಒಂದು ಚಿಟಿಕೆ ಕಲಸಿಕೊಂಡು ಸೊಸೆಯ ಕೋಣೆಗೆ ಹೋದಳು. ಸೊಸೆ ಗೋಡೆಗೆ ಒರಗಿಕೊಂಡು ಕೂತಿದ್ದಳು. ತುಟಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ಲೋಟ ನೋಡಿ ಕೇಳಿದಳು:

"ಇದರಲ್ಲಿ ಏನಿದೆ ಅತ್ತೆ?"

ಶುಂಠಕ್ಕ ಬಾಯಿ ತೆರೆದಳು. ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಸೊಸೆ ದಿಂಬಿನ ಕೆಳಗೆ ಕೈ ಹಾಕಿ ಮೀಟರ್ ಓದುವ ಪುಸ್ತಕ ತೆಗೆದಳು. ಹಿಂದಿನ ಪುಟದಲ್ಲಿ ಎರಡು ಸಾಲು ಬರೆದುಕೊಂಡಿದ್ದಳು. ಎಷ್ಟು ಲೋಟ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು. ಕೊನೆಯಲ್ಲಿ ಬೇರೆಯಾಗಿ ಉಚ್ಚೆಗೆಂದು ಒಂದು ಗೆರೆ. ಅದರ ಮುಂದೆ ಹಿಂದಿನ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಎಂದಿತ್ತು. ಆಮೇಲೆ ಏನೂ ಇಲ್ಲ.

"ಬಂದವರನ್ನೆಲ್ಲ ಕೇಳ್ತೀರ. ನನ್ನ ಒಂದಿನಾನೂ ಕೇಳಲಿಲ್ಲ" ಎಂದಳು.

"ನೀನಾದ್ರೂ ಹೇಳ್ಬಾರದಿತ್ತಾ?"

"ಕೇಳ್ತೀರ ಕೇಳ್ತೀರ ಅಂತ ಕಾದೆ. ಇಡೀ ಬೀದಿ ನಿಮ್ಮ ಮುಖ ನೋಡ್ತಿದೆ. ನಿಮ್ಮ ಔಷಧಿ ನಿಲ್ತಿಲ್ಲ ಅಂತ ನಾನು ಹೇಗೆ ಹೇಳ್ಲಿ?"

ಇಷ್ಟುದ್ದ ಮಾತು ಅವಳು ಆ ಮನೆಗೆ ಬಂದಮೇಲೆ ಆಡಿರಲಿಲ್ಲ. ಆಡಿ ಮುಗಿಸಿ ವಾಂತಿ ಮಾಡಿಕೊಂಡಳು. ಬರಲು ಏನೂ ಉಳಿದಿರಲಿಲ್ಲ, ಹಸಿರು ನೀರಷ್ಟೇ.

ಲೋಟ ಬಚ್ಚಲಿಗೆ ಹೋಯಿತು. ಹತ್ತು ನಿಮಿಷದಲ್ಲಿ ಶುಂಠಕ್ಕ ನನ್ನ ಅಂಗಡಿಯೊಳಗಿದ್ದಳು. ಕೂದಲು ಬಾಚಿರಲಿಲ್ಲ. "ಏ ಜೆರಾಕ್ಸು, ವ್ಯಾನ್ ತೆಗಿ" ಎಂದಳು. ನಾನು ಒಬ್ಬರ ಆಸ್ತಿಪತ್ರದ ಮೂರನೇ ಪುಟದಲ್ಲಿದ್ದೆ. ಹಾಗೇ ಬಿಟ್ಟು ಎದ್ದೆ. ಸೊಸೆಯನ್ನು ಅವಳ ಮಾವ ಎತ್ತಿಕೊಂಡು ಬಂದ. ವಿಪರೀತ ಹಗುರವಾಗಿದ್ದಳೆಂದು ಆಮೇಲೆ ಹೇಳಿದ. ವ್ಯಾನಿನ ಹಿಂದೆ ಹೊಸ ಕಾಗದದ ಬಂಡಲುಗಳಿದ್ದವು. ಆಸ್ಪತ್ರೆ ತಲುಪುವಷ್ಟರಲ್ಲಿ ಐದು ಬಂಡಲು ಯಾವ ಬರವಣಿಗೆಗೂ ಬಾರದಂತಾದವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಶುಂಠಕ್ಕನ ಮಗನಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಸೊಸೆಯ ನಾಲಿಗೆ ನೋಡಿದರು, ನಾಡಿ ನೋಡಿದರು, ತೂಕ ಬರೆದುಕೊಂಡರು. ಆರು ಕಿಲೋ ಕಡಿಮೆಯಾಗಿತ್ತು.

"ಎಷ್ಟು ದಿನದಿಂದ ಹೀಗಿದೆ?"

"ಒಂಬತ್ತು ದಿನ."

"ಒಂಬತ್ತು ದಿನ ಏನು ಮಾಡ್ತಿದ್ರಿ ಮನೇಲಿ?"

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಲು ಎಷ್ಟೋ ನೆಪಗಳಿದ್ದವು. ಮಗ ಊರಲ್ಲಿಲ್ಲ, ಸೊಸೆ ಬಾಯಿ ಬಿಡಲಿಲ್ಲ, ಗಾಡಿ ಸಿಗಲಿಲ್ಲ. ಶುಂಠಕ್ಕ ಅಂದದ್ದು ಬೇರೆ.

"ಕಷಾಯ ಮಾಡ್ತಿದ್ದೆ. ನಾನು ಗಿಡಮೂಲಿಕೆ ಮಾರೋಳು. ವಾಂತಿಗೆ ಅಂತಲೇ ಜನ ಬರ್ತಾರೆ. ಸೊಸೇನ ಇಲ್ಲಿಗೆ ತಂದ್ರೆ ನನ್ನ ಹೆಸರು ಹೋಗುತ್ತೆ ಅಂತ ಕಾದೆ."

ಡಾಕ್ಟರಮ್ಮನ ಪೆನ್ನು ನಿಂತಿತು. ಬೈಯಲು ತಯಾರಾಗಿದ್ದವರಿಗೆ ಬೈಗುಳ ಮರೆತುಹೋಯಿತು ಅನ್ನಿಸುತ್ತದೆ. ಏನೇನು ಕೊಟ್ಟಿರಿ, ಎಲ್ಲಾ ಹೇಳಿ ಎಂದರು. ಶುಂಠಕ್ಕ ಹೇಳುತ್ತಾ ಹೋದಳು, ಅವರು ಬರೆಯುತ್ತಾ ಹೋದರು. ಕೊನೆಗೆ ಶುಂಠಕ್ಕ ಸೆರಗಿನ ಗಂಟಿನಿಂದ ಪಂಡಿತನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಇದು ಕೊಟ್ಟಿಲ್ಲ. ಆದ್ರೆ ಕೊಡೋಕೆ ಹೋಗಿದ್ದೆ. ಇದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ."

ಡಾಕ್ಟರಮ್ಮ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ತಮ್ಮ ಡ್ರಾಯರಿಗೆ ಹಾಕಿಕೊಂಡರು. "ಶುಂಠಿ ಪುದೀನದಿಂದ ತೊಂದರೆ ಆಗಿಲ್ಲ. ತೊಂದರೆ ಆಗಿದ್ದು ಒಂಬತ್ತು ದಿನ ಕಾದದ್ದರಿಂದ" ಎಂದರು. ಡ್ರಿಪ್ಪಿನಲ್ಲಿ ಮೊದಲು ಒಂದು ವಿಟಮಿನ್ ಕೊಡಬೇಕು, ಇಷ್ಟು ದಿನ ಉಪವಾಸ ಇದ್ದವರಿಗೆ ಅದಿಲ್ಲದೆ ಸಕ್ಕರೆ ನೀರು ಏರಿಸಬಾರದು, ಆಮೇಲೆ ವಾಂತಿ ತಡೆಯುವ ಔಷಧಿ, ಮಗುವಿಗೆ ಅಪಾಯವಿಲ್ಲದ್ದು ಇದೆ ಎಂದೆಲ್ಲ ವಿವರಿಸಿದರು. ಶುಂಠಕ್ಕ ಶಾಲೆಯ ಹುಡುಗಿಯ ಹಾಗೆ ಕೇಳಿಸಿಕೊಂಡಳು. ಸ್ಕ್ಯಾನಿನಲ್ಲಿ ಮಗುವಿನ ಎದೆ ಬಡಿತ ಕಂಡಿತು. ಕಂಡಿತೆಂದು ಹೇಳಿದ ಮೇಲೆಯೇ ಅವಳು ಕುರ್ಚಿಯಲ್ಲಿ ಕೂತದ್ದು. ಗಂಡ ಪಕ್ಕದಲ್ಲಿ ಕೂತು, "ನಿಮಿಷಕ್ಕೆ ನೂರರವತ್ತಂತೆ" ಎಂದ. ಅವನ ಧ್ವನಿಯಲ್ಲಿ ಗೌರವವಿತ್ತು.

ಸೊಸೆ ನಾಲ್ಕು ದಿನ ಅಲ್ಲಿದ್ದಳು. ಎರಡನೇ ದಿನ ಒಂದು ಫಜೀತಿ ಆಯಿತು. ಶುಂಠಕ್ಕ ಬೆಳಿಗ್ಗೆ ಅಂಗಡಿಯಿಂದ ನೇರ ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ಕೂತಳೋ ಇಲ್ಲವೋ, ನಿಂತುಹೋಗಿದ್ದ ವಾಂತಿ ಮತ್ತೆ ಶುರು. ನರ್ಸುಗಳು ಕಿಟಕಿ ತೆರೆದರು, ಪರದೆ ಬದಲಿಸಿದರು, ಊಟದ ತಟ್ಟೆ ಆಚೆ ಕಳಿಸಿದರು. ಏನು ಮಾಡಿದರೂ ಇಲ್ಲ. ಕಡೆಗೆ ಸೊಸೆಯೇ ಮೂಗು ಮುಚ್ಚಿಕೊಂಡು ಹೇಳಿದಳು: "ಅತ್ತೆ, ಬೇಜಾರು ಮಾಡ್ಕೋಬೇಡಿ. ವಾಸನೆ ನಿಮ್ಮದೇ."

ಇಪ್ಪತ್ತೆಂಟು ವರ್ಷದ ಶುಂಠಿ ಅವಳ ಚರ್ಮದೊಳಗೇ ಇಳಿದಿತ್ತು. ಎಷ್ಟೋ ಬಸುರಿಯರಿಗೆ ಸಮಾಧಾನ ಕೊಟ್ಟ ವಾಸನೆ ಸೊಸೆಯ ಹೊಟ್ಟೆಯನ್ನು ತೊಳಸುತ್ತಿತ್ತು. ಶುಂಠಕ್ಕ ಎದ್ದು ಹೋಗಿ ವಾರ್ಡಿನ ಬಾಗಿಲ ಹೊರಗೆ ಸ್ಟೂಲ್ ಹಾಕಿಸಿಕೊಂಡಳು. ಅಲ್ಲಿಂದಲೇ ಮಾತಾಡಿದಳು. ವಾರ್ಡಿನ ಹನ್ನೆರಡು ಹಾಸಿಗೆಯವರೂ ಅತ್ತೆ ಸೊಸೆಯ ಮಾತುಕತೆಯಲ್ಲಿ ಪಾಲ್ಗೊಂಡರು. ಮೂರನೇ ದಿನಕ್ಕೆ ಸ್ನಾನ ಮಾಡಿ, ವಾಸನೆಯಿಲ್ಲದ ಸೋಪಿನಿಂದ ಮೈ ಉಜ್ಜಿಕೊಂಡು ಬಂದರೂ, ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗಷ್ಟೇ ಪ್ರವೇಶ ಸಿಕ್ಕಿತು.

ಅಂಗಡಿಯಲ್ಲಿ, "ಸೊಸೆ ಹೇಗಿದ್ದಾಳೆ?" ಎಂದವರಿಗೆ ಈಗ ಹಳೆಯ ಗಂಟಲಿನಲ್ಲೇ ಉತ್ತರ ಬರುತ್ತಿತ್ತು. "ಆಸ್ಪತ್ರೇಲಿದ್ದಾಳೆ. ನನ್ನ ಔಷಧಿ ಹಿಡೀಲಿಲ್ಲ. ನಾನು ತಡ ಮಾಡಿದೆ." ಕೇಳಿದವರು ಪೆಚ್ಚಾಗುತ್ತಿದ್ದರು. ಅರ್ಧ ಜನ ಪೊಟ್ಟಣ ವಾಪಸ್ ಇಟ್ಟು ಹೋದರು. ಪಂಡಿತನಿಗೆ ಎರಡು ವಾರ ಒಳ್ಳೆಯ ವ್ಯಾಪಾರ. ಆಮೇಲೆ ಆಸ್ಪತ್ರೆಯವರು ಆ ಪುಡಿಯ ಬಗ್ಗೆ ಯಾರೋ ಅಧಿಕಾರಿಗಳಿಗೆ ಪತ್ರ ಬರೆದರು, ಅವರು ಬಂದು ಡಬ್ಬಿಗಳನ್ನು ಹೊತ್ತುಕೊಂಡು ಹೋದರು. ಪಂಡಿತ ಕೆಲವು ದಿನ ಬೀಗ ಹಾಕಿ, ಮತ್ತೆ ತೆರೆದಾಗ ಹಲ್ಲುಪುಡಿ ಮಾರುತ್ತಿದ್ದ. ಅದರಲ್ಲಿ ಏನಿದೆ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಒಂದು ದಿನ ಶುಂಠಕ್ಕ ಒಂದು ಕಾಗದ ಹಿಡಿದುಕೊಂಡು ಬಂದಳು. ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿ ಕೊಡು ಎಂದಳು. ಕುಡಿದ ನೀರು ನಿಲ್ಲದಿದ್ದರೆ, ಎಂಟು ಗಂಟೆಯಿಂದ ಉಚ್ಚೆ ಬಾರದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಈ ಅಂಗಡಿಗೆ ಬರಬೇಡಿ, ಆಸ್ಪತ್ರೆಗೆ ಹೋಗಿ ಎಂದಿತ್ತು. ಕೆಳಗೆ: ಮನೆಯಲ್ಲಿ ಯಾರಾದರೂ ಬೇಡ ಎಂದರೆ ಅವರನ್ನು ನನ್ನ ಹತ್ತಿರ ಕಳಿಸಿ. ನನ್ನ ವೃತ್ತಿಯಲ್ಲಿ ಗಿರಾಕಿಯನ್ನು ಓಡಿಸುವ ಬೋರ್ಡು ಬರೆಸಿದ ಅಂಗಡಿಯವರನ್ನು ನಾನು ಕಂಡದ್ದು ಅದೊಂದೇ ಸಲ. 'ಉಚ್ಚೆ' ತೆಗೆದು 'ಮೂತ್ರ' ಹಾಕಲಾ ಎಂದೆ.

"ಮೂತ್ರ ಅಂದ್ರೆ ನಾಚ್ಕೊಂಡು ಸುಳ್ಳು ಹೇಳ್ತಾರೆ. ಉಚ್ಚೆ ಅಂದ್ರೆ ನಿಜ ಹೇಳ್ತಾರೆ. ಹಾಗೇ ಇರಲಿ."

ಸೊಸೆ ಇನ್ನೂ ಎರಡು ಸಲ ಡ್ರಿಪ್ಪಿಗೆ ಹೋಗಿ ಬಂದಳು. ತಡವಾಗಲಿಲ್ಲ. ಪುಸ್ತಕದಲ್ಲಿ ಗೆರೆ ಖಾಲಿ ಉಳಿಯುವ ಸೂಚನೆ ಕಂಡ ಕೂಡಲೇ ನನ್ನ ವ್ಯಾನು ಹೊರಡುತ್ತಿತ್ತು, ಹಿಂದೆ ಕಾಗದದ ಬದಲು ಬಕೆಟ್ಟು. ಮಾತ್ರೆಗಳಿಂದ ವಾಂತಿ ಪೂರ್ತಿ ನಿಲ್ಲಲಿಲ್ಲ, ದಿನಕ್ಕೆ ಮೂರೋ ನಾಲ್ಕೋ ಅನ್ನುವಷ್ಟಕ್ಕೆ ಇಳಿಯಿತು. ಆರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ತಾನಾಗಿ ಅಂಗಡಿಗೆ ನಡೆದು ಬಂದು, ಅತ್ತೆಯ ಪಕ್ಕದಲ್ಲೇ ಕೂತು, ಒಂದು ಬಾಳೆಹಣ್ಣು ಸುಲಿದು ತಿಂದಳು. ಶುಂಠಕ್ಕ ಉಸಿರು ಬಿಗಿಹಿಡಿದು ನೋಡಿದಳು. ಏನೂ ಆಗಲಿಲ್ಲ. ಸೊಸೆ ಇನ್ನೊಂದು ಸುಲಿದಳು.

ಹೆಣ್ಣುಮಗು ಹುಟ್ಟಿತು. ಎರಡೂ ಮುಕ್ಕಾಲು ಕಿಲೋ.

ಹತ್ತನೇ ದಿನ ನೆಂಟರು ನೋಡಲು ಬಂದರು. ನಾನೂ ಹೋಗಿದ್ದೆ. ಶುಂಠಕ್ಕನ ಗಂಡನ ಕಡೆಯ ಒಬ್ಬ ದೊಡ್ಡಪ್ಪ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ಮಗುವನ್ನು ದೂರದಿಂದಲೇ ನೋಡಿ, "ಇದಾಯ್ತು. ಇನ್ನು ಮುಂದಿನ ವರ್ಷ ಇದಕ್ಕೊಂದು ತಮ್ಮ ಬಂದುಬಿಡಲಿ" ಎಂದರು.

ಸೊಸೆ ಮಗುವಿನ ಬಟ್ಟೆ ಸರಿಮಾಡುತ್ತಾ ತಲೆ ತಗ್ಗಿಸಿದಳು. "ನನಗೆ ಇನ್ನೊಂದು ಬೇಡ" ಎಂದು ಅವಳು ಹಿಂದಿನ ವಾರವೇ ಅತ್ತೆಗೆ ಹೇಳಿದ್ದಳು. "ನಾನೂ ನಮ್ಮತ್ತೆಗೆ ಅದನ್ನೇ ಹೇಳಿದ್ದೆ. ಅವರು ಮೂರು ವರ್ಷ ಮಾತು ಬಿಟ್ಟಿದ್ರು. ನನಗೆ ಅಷ್ಟು ದಿನ ಮಾತು ಬಿಡೋಕೆ ಆಗಲ್ಲ, ಅದಕ್ಕೆ ನಿನ್ನ ಮಾತು ಒಪ್ಕೊಂಡೆ" ಎಂದಿದ್ದಳು ಶುಂಠಕ್ಕ.

ಈಗ ಅವಳು ಮಗುವನ್ನು ಎತ್ತಿ ದೊಡ್ಡಪ್ಪನ ತೊಡೆಯ ಮೇಲೆ ಮಲಗಿಸಿದಳು.

"ಅಗತ್ಯವಾಗಿ ಬರಲಿ ದೊಡ್ಡಪ್ಪ. ಈ ಸಲ ನೀವು ಹೆತ್ಕೊಡಿ. ಶುಂಠಿ ನಾನು ಪುಕ್ಕಟೆ ಕೊಡ್ತೀನಿ."

ದೊಡ್ಡಪ್ಪನಿಗೆ ಎಂಬತ್ತು. ಅವರು ಏನೋ ಹೇಳಲು ಹೊರಟರು, ಅಷ್ಟರಲ್ಲಿ ಮಗು ಕುಡಿದಿದ್ದ ಹಾಲನ್ನೆಲ್ಲ ಅವರ ಬಿಳೀ ಅಂಗಿಯ ಮೇಲೆ ಕಕ್ಕಿತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ಹಾಗೆ ಸದ್ದು ಮಾಡಿ ನಕ್ಕದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.